ಕೋಚ್‌ಗೆ ಹೋದ ಬಯೋಡೇಟಾ

ಫ್ರೆಂಡ್ಸ್, ಸಾಕರ್ ಕೋಚ್‌ಗೆ ಮದುವೆಯ ಬಯೋಡೇಟಾ ಕಳಿಸುವ ಗಂಡ ನಿಮ್ಮಲ್ಲಿ ಯಾರಿಗಾದರೂ ಇದ್ದಾರೆಯೇ? ನನಗಿದ್ದಾರೆ.

ಕಾಲೇಜು ಟೀಮಿಗೆ ಸೇರಬೇಕೆಂದರೆ ಇಲ್ಲಿ ಆಟಗಾರ್ತಿಯೇ ಕೋಚ್‌ಗೆ ಮೇಲ್ ಬರೆಯಬೇಕು. ಹನ್ನೊಂದನೇ ಕ್ಲಾಸಿನ ನಮ್ಮ ಮಗಳ ಹೆಸರಲ್ಲಿ ಬರೆದವರು ನನ್ನ ಪತಿರಾಯರು. ಗಣಿತದಲ್ಲಿ ಎ ಪ್ಲಸ್, ಭರತನಾಟ್ಯ ರಂಗಪ್ರವೇಶ ಆಗಿದೆ, ಶುದ್ಧ ಸಸ್ಯಾಹಾರಿ, ಹಿರಿಯರೆಂದರೆ ಗೌರವ. ಜಾತಕವೊಂದನ್ನು ಲಗತ್ತಿಸಿರಲಿಲ್ಲ, ಅಷ್ಟೇ.

ಇವತ್ತು ನಾವಿರುವ ಕ್ಯಾರಲ್ಟನ್‌ನಿಂದ ಮೂರೂವರೆ ಗಂಟೆ ಡ್ರೈವ್ ಮಾಡಿ ಆಸ್ಟಿನ್‌ನಲ್ಲಿರುವ ಆ ಕೋಚ್‌ನ ಕಾಲೇಜಿನ ಆಯ್ಕೆ ಕ್ಯಾಂಪಿಗೆ ಹೋದೆವು. ಕೋಚ್ ಮೇಡಂ ಮಗಳನ್ನು ಕೇಳಿದರು: "ಎಲ್ಲಾ ಬರೆದಿದ್ದೀಯ, ಯಾವ ಪೊಸಿಷನ್ ಆಡ್ತೀಯ ಅಂತಾನೇ ಬರೆದಿಲ್ಲವಲ್ಲ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಇವರು ಮುಂದೆ ನುಗ್ಗಿದರು. "ಶಿ ಈಸ್ ಆಲ್‌ರೌಂಡರ್, ಮೇಡಂ!"

ಎಂಟು ವರ್ಷದಿಂದ ಗೋಲ್ ಕಾಯುತ್ತಿರುವ ಹುಡುಗಿ ಬ್ಯಾಗಿನಿಂದ ಗ್ಲೌಸ್ ತೆಗೆದು ತೊಟ್ಟುಕೊಂಡಳು. "ಐ ಆಮ್ ಎ ಗೋಲ್‌ಕೀಪರ್. ಡ್ಯಾಡ್ ರೋಟ್ ದಟ್ ಈಮೇಲ್."

ಕೋಚ್ ಇವರತ್ತ ನೋಡಲೂ ಇಲ್ಲ. "ಸರಿ. ಇನ್ಮೇಲೆ ನೀನೇ ಬರಿ" ಎಂದು ಅವಳಿಗೆ ಹೇಳಿ ಹೋದರು.

ವಾಪಸು ಬರುವಾಗ ಕಾರು ಓಡಿಸಿದ್ದು ನಾನು. ಪಕ್ಕದ ಸೀಟಿನಲ್ಲಿ ಇವರು ತಲೆ ಬಗ್ಗಿಸಿ ಫೋನಿನಲ್ಲಿ ಕೋಚ್‌ಗೆ ಕ್ಷಮಾಪಣೆ ಬರೆಯುತ್ತಿದ್ದರು. ಕೆಳಗೆ ಸಹಿ ಮಗಳದ್ದೇ.