ಗೌರಕ್ಕನಿಗೆ ಓದಿ ಹೇಳದ ಪತ್ರ

ಗೌರಕ್ಕ, ನೀವು ಆಡದ ಮಾತನ್ನು ನಿಮ್ಮ ಹೆಸರಿನಲ್ಲಿ ಬರೆದವಳು ನಾನು. ಹೆಬ್ಬಾಳದ ಹತ್ತಿರ ನಿಮ್ಮ ಅಪ್ಪ ಬಿಟ್ಟುಹೋದ ಜಮೀನಿನಲ್ಲಿ ನಿಮ್ಮ ಪಾಲು ಹೋದದ್ದು ಹಾಗೆ — ನನ್ನ ಕಣ್ಣೆದುರೇ.

ಆಗ ಯಲಹಂಕದಲ್ಲಿ ಜಮೀನಿನ ಪತ್ರ ಬರೆದುಕೊಡುವವರೊಬ್ಬರ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಏರ್‌ಪೋರ್ಟ್ ಬಂದು ಭೂಮಿಗೆ ಬೆಲೆ ಏರಿದ ಕಾಲ. ಯಾರ ಪತ್ರವಾದರೂ ಕೊನೆಗೆ ಅದೇ ಸಾಲು: ‘ಓದಿಸಿ ಕೇಳಿ, ಅರ್ಥ ಮಾಡಿಕೊಂಡು, ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಸಹಿ ಮಾಡಿರುತ್ತೇನೆ.’ ಹೊಡೆದು ಹೊಡೆದು ಬೆರಳು ಸೋತಿತ್ತು. ಇಂಟರ್ನೆಟ್‌ನಲ್ಲಿ ಹುಡುಕಿ, ಓದಿ, ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಎಡಿಟರ್‌ಗೆ ನಾನೇ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ‘ಸಇ’ ಎಂದು ಹೊಡೆದು ಟ್ಯಾಬ್ ಒತ್ತಿದರೆ ಇಡೀ ಪ್ಯಾರಾ ಬಂದು ಕೂರುತ್ತಿತ್ತು. ಪಿಯುಸಿ ಫೇಲಾದವಳು ಮಾಡಿದ್ದು ಅದು. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ — ಇಲ್ಲವೆಂದು ಸುಳ್ಳು ಹೇಳಲಾರೆ.

ನಿಮ್ಮನ್ನು ಅಣ್ಣಂದಿರು ಕರೆತಂದ ದಿನ, ‘ಖಾತೆ ಬದಲಾಯ್ಸಕ್ಕೆ ಕಣಮ್ಮಿ’ ಎಂದು ಅವರಲ್ಲಿ ದೊಡ್ಡವರು ಹೇಳಿದ್ದು ನನಗೆ ಕೇಳಿಸಿತು. ನಾನು ಟೈಪ್ ಮಾಡುತ್ತಿದ್ದುದು ನಿಮ್ಮ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ. ಗೊತ್ತಿತ್ತು. ಪ್ರಿಂಟ್ ತೆಗೆದು ಕೊಟ್ಟಾಗ ನೀವು ಕೇಳಿದಿರಿ:

‘ಇದ್ರಲ್ಲಿ ಏನ್ ಬರ್ದೈತೆ? ಒಂದ್ಸಲ ಓದಿ ಏಳವ್ವ.’

‘ಎಲ್ಲಾರ್ಗೂ ಬರಿಯೋದೇ ಅಕ್ಕ, ಹೆಬ್ಬೆಟ್ಟು ಒತ್ತಿ’ ಎಂದೆ.

ಹೊರಗೆ ಜನ ಕಾಯುತ್ತಿದ್ದರು, ಅಂಗಡಿ ಯಜಮಾನರು ಅವಸರ ಮಾಡುತ್ತಿದ್ದರು — ಬೇಡ, ಅದೆಲ್ಲ ಹೇಳುವುದಿಲ್ಲ. ಓದಬಹುದಿತ್ತು. ಓದಲಿಲ್ಲ. ನೀವು ನನ್ನ ಮುಖ ನೋಡಿ, ನಂಬಿ, ಹೆಬ್ಬೆಟ್ಟು ಒತ್ತಿದಿರಿ.

ಏಳೆಂಟು ವರ್ಷ ಸುಮ್ಮನಿದ್ದೆ. ಪಾಲು ಹೋದದ್ದು ತಿಳಿದು ನೀವು ಕೋರ್ಟಿಗೆ ಹೋದಿರಿ, ಅಂಗಡಿಗೆ ನೋಟಿಸ್ ಬಂತು. ಯಜಮಾನರು ನನ್ನನ್ನು ಕರೆದು, ‘ಅದು ಕಂಪ್ಯೂಟರ್ ತಾನಾಗೇ ಹಾಕೋ ಸಾಲು ಅಂದ್ಬಿಡು. ಮಿಕ್ಕಿದ್ದು ನೆನಪಿಲ್ಲ ಅನ್ನು’ ಎಂದರು.

‘ನೆನಪಿದೆ ಸರ್. ಟ್ಯಾಬ್ ಒತ್ತಿದ್ದು ನಾನು. ಅವ್ರು ಓದು ಅಂದಿದ್ದು ನಂಗೆ, ಕಂಪ್ಯೂಟರ್‌ಗಲ್ಲ.’

ಅವತ್ತೇ ಕೆಲಸ ಹೋಯಿತು. ಮರುದಿನ ನಿಮ್ಮ ದೊಡ್ಡಣ್ಣ ಗಂಗಾನಗರದ ನಮ್ಮ ಮನೆ ಬಾಗಿಲಿಗೇ ಬಂದು, ‘ನಮ್ ಮನೆ ವಿಷ್ಯಕ್ಕೆ ತಲೆ ಹಾಕ್ಬೇಡ’ ಎಂದು ಕೂಗಾಡಿದರು. ನನ್ನ ಗಂಡನೂ, ‘ಯಾಕ್ ಬೇಕಿತ್ತು ನಿಂಗೆ ಇದೆಲ್ಲ?’ ಎಂದರು. ಬೇಕಿತ್ತು. ನೀವು ಓದಿ ಹೇಳು ಅಂದ ದಿನವೇ ಬೇಕಿತ್ತು.

ನಿಮ್ಮ ಪಾಲು ವಾಪಸ್ ಬರುತ್ತದೋ ಇಲ್ಲವೋ — ಅದು ನನ್ನ ಕೈಯಲ್ಲಿಲ್ಲ. ನಿಮ್ಮ ಅಣ್ಣಂದಿರ ಎದುರಿಗೇ ನಿಂತು ಸಾಕ್ಷಿ ಹೇಳುತ್ತೇನೆ, ಯಾರು ಏನೇ ಅನ್ನಲಿ. ನಿನ್ನೆ ನಿಮ್ಮ ವಕೀಲರನ್ನು ನೋಡಿ ಬಂದೆ. ಮೋಸ ಮಾಡಿದವರಲ್ಲಿ ನನ್ನ ಹೆಸರನ್ನೂ ಸೇರಿಸಿ ಎಂದು ಹೇಳಿದ್ದೇನೆ.