ಆಪಾಳ ಪಟ್ಟಿ ನನ್ನ ಸೊಂಟದಲ್ಲಿದ್ದ ವಾರ

ನೆನೆದ ಬೀಡಿ ಎಲೆಗೆ ಅದರದೇ ಒಂದು ವಾಸನೆ. ಮಳೆಗೆ ತೊಯ್ದ ಗೋಣಿಚೀಲ, ಹಳೇ ಚಹಾಪುಡಿ, ಚೂರು ತಂಬಾಕು, ಮೂರೂ ಕೂಡಿದ ಹಾಗೆ. ಹದಿನೈದು ದಿನದ ಹಿಂದೆ ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ನಾನು ಸೊಂಟ ಬಗ್ಗಿಸಿ, ಎರಡೂ ಕೈ ಚಾಚಿಕೊಂಡು ಮೊಮ್ಮಗಳ ಹಿಂದೆ ಹೋಗುತ್ತಿದ್ದೆ. ಮೊಮ್ಮಗಳು ನಡೆಯುತ್ತಿದ್ದಳು! ಎರಡು ವರ್ಷ ತುಂಬುತ್ತ ಬಂದರೂ ಒಂದು ಹೆಜ್ಜೆ ಇಡದಿದ್ದ ಕೂಸು, ಯಾರ ಕೈಯನ್ನೂ ಹಿಡಿಯದೆ, ಕುಡಿದವರ ಹಾಗೆ ಆ ಕಡೆ ಈ ಕಡೆ ವಾಲುತ್ತ, ತನ್ನಷ್ಟಕ್ಕೆ ತಾನೇ ನಗುತ್ತ ಹೋಗುತ್ತಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ನೋಡ್ರಿ ನೋಡ್ರಿ ಅನ್ನುತ್ತಿದ್ದೆ. ಓಣಿಯ ತುದಿಮನೆಯ ಅಜ್ಜಿಯ ಹೊಸ್ತಿಲಲ್ಲಿ ಎಲೆ ನೆನೆಹಾಕಿದ್ದರು. ಅಲ್ಲಿಗೆ ಬಂದಾಗ ನನ್ನ ಕಾಲು ನಿಂತುಬಿಟ್ಟಿತು.

ಕೂಸಿನ ಕಾಲಿನಲ್ಲಿ ಬಲವಿಲ್ಲ, ದಿನಾ ವ್ಯಾಯಾಮ ಮಾಡಿಸಿದರೆ ನಡೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗೆ ಏಳು ತಿಂಗಳು ಮಾಡಿಸಿದವಳು ನಮ್ಮ ಎದುರು ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಈಗ ನರ್ಸು, ಪಕ್ಕದ ಓಣಿಗೇ ಮದುವೆಯಾಗಿದ್ದಾಳೆ. ಡ್ಯೂಟಿ ಮುಗಿಸಿ ಸಂಜೆ ಸೀದಾ ನಮ್ಮ ಮನೆಗೆ ಬಂದು, ಚಾಪೆ ಹಾಸಿ, ಕೂಸಿನ ಮಂಡಿ ಮಡಚುವುದು, ಬಿಚ್ಚುವುದು, ಗೋಡೆಗೆ ಆನಿಸಿ ನಿಲ್ಲಿಸುವುದು. ಕೈಗೆ ಏನು ಕೊಟ್ಟರೂ ಮುಟ್ಟುತ್ತಿರಲಿಲ್ಲ. ನಾನು ಈಗ ಬರೆಯಹೊರಟಿರುವುದು ಅವಳ ತಾಯಿಯ ಬಗ್ಗೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಅವಳ ತಾಯಿಯನ್ನು ಓಣಿಯೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು. ನನಗಿಂತ ಆರೇಳು ವರ್ಷ ದೊಡ್ಡವಳು. ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದವನು, ಬೇಗ ಹೋಗಿಬಿಟ್ಟಿದ್ದ. ಆಪಾ ಬೀಡಿ ಸುತ್ತಿ ಒಬ್ಬಳೇ ಮಗಳನ್ನು ಸಾಕಿದಳು. ಬೆಳಿಗ್ಗೆ ಚಹಾ ಕುಡಿದು ಬಾಗಿಲ ಬಳಿ ಕುಳಿತರೆ, ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕಿನ ಪುಡಿ, ಪಕ್ಕದಲ್ಲಿ ಕತ್ತರಿ. ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಎಲೆ ತರುವುದು, ಕಟ್ಟು ಮುಟ್ಟಿಸುವುದು ಎಲ್ಲ ಪಕ್ಕದ ಮನೆಯ ಹೆಂಗಸಿನ ಕೈಯಲ್ಲೇ. ಬಾಯಿ ಮಾತ್ರ ಓಣಿಯೆಲ್ಲ ತಿರುಗುತ್ತಿತ್ತು. ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬುದು ಕೂತಲ್ಲಿಂದಲೇ ಅವಳಿಗೆ ಗೊತ್ತಾಗುತ್ತಿತ್ತು.

ನನ್ನದು ಇದಕ್ಕೆ ತದ್ವಿರುದ್ಧ. ನಾನು ಪುರಸಭೆಯಲ್ಲಿ ಕಸ ಗುಡಿಸುವವಳು. ಬೆಳಕು ಹರಿಯುವ ಮುಂಚೆ ಬಸ್ ನಿಲ್ದಾಣದಿಂದ ಶುರುವಾದರೆ ಕೊಟ್ಟೂರು ರಸ್ತೆ, ಸಂತೆ ಬಯಲು, ಕೋಟೆ ಕಡೆಯ ಓಣಿಗಳು… ಮಧ್ಯಾಹ್ನದ ಹೊತ್ತಿಗೆ ಕಾಲು ನನ್ನವಲ್ಲ ಅನ್ನಿಸುತ್ತಿತ್ತು. ಬಂದು ಆಪಾಳ ಕಟ್ಟೆಯ ಮೇಲೆ ಬೀಳುತ್ತಿದ್ದೆ. ನಿನ್ನ ಕಾಲನ್ನೂ ನನ್ನ ಕುಂಡಿಯನ್ನೂ ಅಲ್ಲಾ ಅದಲುಬದಲು ಮಾಡಿದ್ದರೆ ಇಬ್ಬರೂ ನೆಟ್ಟಗಿರುತ್ತಿದ್ದೆವು ಎಂದು ಆಪಾ ನಗುತ್ತಿದ್ದಳು.

ಅಂಥ ಒಂದು ದಿನ ಸರ್ವೆಯವರು ಬಂದರು. ಯಾವುದೋ ಕಾಲೇಜಿನ ಮೂರು ಜನ, ಅವರಲ್ಲಿ ಒಬ್ಬ ಹುಡುಗಿ ಬಹಳ ಚುರುಕು. ದಿನಕ್ಕೆ ಎಷ್ಟು ತಾಸು ಕೂಡುತ್ತೀರಿ, ಎಷ್ಟು ನಡೆಯುತ್ತೀರಿ, ಬೆವರು ಬರುವ ಕೆಲಸ ವಾರದಲ್ಲಿ ಎಷ್ಟು ದಿನ, ವ್ಯಾಯಾಮ ಮಾಡುವ ರೂಢಿ ಇದೆಯಾ ಎಂದು ಮನೆ ಮನೆಗೆ ಕೇಳಿದರು. ವ್ಯಾಯಾಮ ಎಂದಕೂಡಲೇ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಒಂದು ಡಬ್ಬಿ ತೆಗೆದರು. ಬೆಂಕಿಪೊಟ್ಟಣದಷ್ಟು ಯಂತ್ರ, ಅದಕ್ಕೆ ಕಪ್ಪು ಎಲಾಸ್ಟಿಕ್ ಪಟ್ಟಿ. ಏಳು ದಿನ ಸೊಂಟಕ್ಕೆ ಕಟ್ಟಿಕೊಂಡಿರಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಬೇಕು, ಅದು ಹೆಜ್ಜೆ ಎಣಿಸುತ್ತದೆ. ತೀರಾ ಕಡಿಮೆ ಬಂದವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಪುಕ್ಕಟೆ ಎದೆ ಪರೀಕ್ಷೆ ಮಾಡಿಸುತ್ತೇವೆ ಎಂದಳು ಆ ಹುಡುಗಿ. ಯಾರ ಹೆಸರೂ ಯಾರಿಗೂ ಹೋಗುವುದಿಲ್ಲ ಎಂದು ಮೂರು ಸಲ ಹೇಳಿದಳು.

ನಾವು ನಂಬಲಿಲ್ಲ. ಸಂಜೆಯ ಹೊತ್ತಿಗೆ ಓಣಿಯಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ರೋಗ ಇದೆ ಎಂದು ಬರೆದರೆ ಎಲೆ ಕೊಡುವ ಸಾಹುಕಾರ ಎಲೆ ನಿಲ್ಲಿಸುತ್ತಾನಂತೆ, ಬೀಡಿ ಸುತ್ತುವವರಿಗೆ ಸರ್ಕಾರ ಕೊಡುವ ಕಾರ್ಡೇ ರದ್ದಾಗುತ್ತದಂತೆ. ಯಾರು ಹೇಳಿದ್ದು ಎಂದು ಯಾರೂ ಕೇಳಲಿಲ್ಲ. ಆಪಾಳ ಮಗಳು ಆಗ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಆ ಕಾರ್ಡಿನ ಮೇಲೆ ಬರುವ ಸ್ಕಾಲರ್‌ಶಿಪ್ಪಿನಿಂದಲೇ ಅವಳ ಓದು. ಆಪಾ ಪಟ್ಟಿಯನ್ನು ಮೊರದಲ್ಲಿ ಇಟ್ಟುಕೊಂಡು ಸತ್ತ ಇಲಿಯನ್ನು ನೋಡುವ ಹಾಗೆ ನೋಡುತ್ತಿದ್ದಳು. ಅವಳ ಪಾದ ಆಗಲೇ ಸಂಜೆಯಾದರೆ ಊದಿಕೊಳ್ಳುತ್ತಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಅದು ನನಗೆ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿತ್ತು.

ಇನ್ನು ಮುಂದಿನದನ್ನು ಆಪಾ ಕೇಳಲಿಲ್ಲ, ನಾನೇ ಹೇಳಿದ್ದು.

"ತಾ ಇಲ್ಲೆ. ನಾನು ಹೆಂಗೂ ಊರಿಗೆಲ್ಲ ನಡೀತೀನಿ. ನಿನ್ನ ಪಟ್ಟಿನೂ ನನ್ನ ಸೊಂಟದ ಮ್ಯಾಲೆ ಸವಾರಿ ಮಾಡ್ಲಿ ಬಿಡು, ಆಪಾ."

ಆಪಾ ಎಷ್ಟು ನಕ್ಕಳೆಂದರೆ ಮೊರದ ಪುಡಿಯೆಲ್ಲ ಹಾರಿತು. ನಾನು ಸೀರೆಯ ಒಳಗೆ ಎಡಕ್ಕೆ ನನ್ನದು, ಬಲಕ್ಕೆ ಅವಳದು ಕಟ್ಟಿಕೊಂಡೆ. ಯಾವುದು ಯಾರದೆಂದು ಗುರುತಿಗೆ ಅವಳದಕ್ಕೆ ಬೀಡಿ ಕಟ್ಟುವ ದಾರ ಸುತ್ತಿದ್ದೆವು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಸೊಕ್ಕು ನನಗೆ. ಪೊರಕೆ ಹಿಡಿದು ಹೋಗುವಾಗ ಒಂದೊಂದು ಓಣಿ ಹೆಚ್ಚಾಗಿಯೇ ಸುತ್ತಿದೆ. ಭಾನುವಾರ ಮಾತ್ರ ಮಗಳು ಊರಿಗೆ ಬಂದಿದ್ದರಿಂದ ಆಪಾ ತನ್ನ ಪಟ್ಟಿಯನ್ನು ತಾನೇ ಕಟ್ಟಿಕೊಂಡು ಕೂತಳು. ಇದೇನಮ್ಮಿ ಎಂದು ಕೇಳಿದ ಮಗಳಿಗೆ ಸರ್ವೆಯ ವಿಷಯ ಹೇಳಿದಳಂತೆ, ನನ್ನ ವಿಷಯ ಹೇಳಲಿಲ್ಲ.

ಎಂಟನೇ ದಿನ ಆ ಹುಡುಗಿ ಬಂದು ಯಂತ್ರಗಳನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಳು. ನಾವಿಬ್ಬರೂ ಜೊತೆಯಾಗಿ ಕೆಲಸಕ್ಕೆ ಹೋಗುತ್ತೇವಾ ಎಂದು ಕೇಳಿದಳು. ನಾನು ಹೌದು ಎಂದೆ. ಭಾನುವಾರ ಈ ಅಮ್ಮನಿಗೆ ರಜೆಯಾ ಎಂದಳು. ಮಗಳು ಬಂದಿದ್ದಳು ಎಂದೆ, ಅದೊಂದು ಮಾತು ನಿಜ. ಇಬ್ಬರಿಗೂ ಒಂದೊಂದು ಕಾಗದ ಕೊಟ್ಟಳು. ಆಪಾಳ ಕಾಗದದಲ್ಲಿ ಆರು ಉದ್ದ ಗೆರೆ, ಒಂದು ಗಿಡ್ಡ ಗೆರೆ. ನೀವು ಬಹಳ ಚೆನ್ನಾಗಿ ನಡೆಯುತ್ತೀರಿ, ಹೀಗೇ ಇರಿ ಎಂದು ಹೇಳಿ ಆಪಾಳ ಕೈ ಕುಲುಕಿದಳು. ಊದಿದ ಪಾದವನ್ನು ಆಪಾ ಮೊರದ ಅಡಿಗೆ ಎಳೆದುಕೊಂಡಿದ್ದಳು.

ಅವತ್ತು ಜೀಪು ಹತ್ತಿದವರು ನಾಲ್ಕು ಜನ. ತುದಿಮನೆಯ ಅಜ್ಜಿ ಅತ್ತುಕೊಂಡೇ ಹತ್ತಿದಳು. ಅವಳ ಎದೆಯಲ್ಲಿ ದೋಷ ಸಿಕ್ಕಿತು, ಗುಳಿಗೆ ಕೊಟ್ಟರು. ಅವಳ ಕಾರ್ಡೂ ಹೋಗಲಿಲ್ಲ, ಎಲೆಯೂ ನಿಲ್ಲಲಿಲ್ಲ. ಇವತ್ತಿಗೂ ಆ ಹೊಸ್ತಿಲಲ್ಲಿ ಕೂತು ಬೀಡಿ ಸುತ್ತುತ್ತಾಳೆ…

ಆಮೇಲೆ ಒಂದು ವಿಚಿತ್ರ ನಡೆಯಿತು. ಆಪಾ ಆ ಕಾಗದವನ್ನು ನಂಬತೊಡಗಿದಳು. ಕಾರ್ಡಿನ ಜೊತೆ ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡು, ಉಸಿರು ಕಟ್ಟಿದಾಗ ತೆಗೆದು ನೋಡುತ್ತಿದ್ದಳು. ಮೊದಮೊದಲು ತಮಾಷೆಗೆ, ಆಮೇಲೆ ತಮಾಷೆ ಎಲ್ಲಿ ಮುಗಿಯಿತೋ ನನಗೆ ತಿಳಿಯಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದು ಮಗಳು ಹಟ ಹಿಡಿದಾಗ ಅದನ್ನೇ ತೋರಿಸಿದಳಂತೆ. ಮಗಳು ಓದುತ್ತಿದ್ದದ್ದೇ ಅಂಥ ಕಾಗದಗಳನ್ನು. ಅವಳೂ ನಂಬಿದಳು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಳೆ ಹೇಳಿದರಾಯಿತು, ಹಬ್ಬ ಮುಗಿಯಲಿ, ಹುಡುಗಿಯ ಪರೀಕ್ಷೆ ಮುಗಿಯಲಿ…

ನಾಲ್ಕು ತಿಂಗಳ ಮೇಲೆ ಒಂದು ದಿನ ಪಕ್ಕದ ಮನೆಯ ಹೆಂಗಸು ಊರಲ್ಲಿ ಇರಲಿಲ್ಲವೆಂದು ಆಪಾ ತಾನೇ ಎಲೆ ತರಲು ಹೊರಟಳು. ಓಣಿ ದಾಟುವ ಮೊದಲೇ ಒಂದು ಕಟ್ಟೆ ಹಿಡಿದು ಕೂತುಬಿಟ್ಟಳು. ತುಟಿ ನೀಲಿ. ಕಾರು ಮಾಡಿಕೊಂಡು ದಾವಣಗೆರೆಗೆ ಕರೆದೊಯ್ದೆ. ದಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಆಪಾ ತಡೆದು ತಡೆದು ಹೇಳಿದಳು:

"ಲೇ ತಂಗಿ, ನೀ ಇನ್ನೊಂದು ವಾರ ನಡೀಬೇಕಿತ್ತು ನೋಡು."

ಹೇಳಿ ನಕ್ಕಳು. ನಾನು ನಗಲಿಲ್ಲ.

ಮಗಳು ಹಾಸ್ಟೆಲಿನಿಂದ ಓಡಿ ಬಂದಳು. ಎದೆಯ ಬಲ ಬಹಳ ದಿನದಿಂದ ಕುಗ್ಗುತ್ತ ಬಂದಿದೆ, ನೀರು ತುಂಬಿದೆ, ಮುಂಚೆ ಯಾಕೆ ತೋರಿಸಲಿಲ್ಲ ಎಂದರು ಡಾಕ್ಟರು. ಹುಡುಗಿ ಚೀಲದಿಂದ ಆ ಕಾಗದ ತೆಗೆದಳು. ತಾಯಿ ಕೊಟ್ಟಿದ್ದನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಳು. ಡಾಕ್ಟರು ಅದನ್ನು ತಿರುವಿ ಮುರುವಿ ನೋಡಿದರು. ಇಷ್ಟು ನಡೆಯುವವರ ಎದೆ ಹೀಗಿರುವುದಿಲ್ಲ, ಇದು ಇವರದೇನಾ ಎಂದು ಕೇಳಿದರು.

"ನಮ್ಮ ಅಮ್ಮಿದೇ ಸರ್. ಸೊಂಟಕ್ಕ ಕಟ್ಕೊಂಡಿದ್ದು ನಾನೇ ಕಣ್ಣಾರೆ ನೋಡೀನಿ."

ನಾನು ಗೋಡೆಗೆ ಒರಗಿ, ಕೈಯಲ್ಲಿ ಗಂಜಿಯ ಡಬ್ಬಿ ಹಿಡಿದು ನಿಂತಿದ್ದೆ. ಆ ಇಬ್ಬರಿಗೂ ನನಗೂ ನಡುವೆ ಎರಡು ಮಾರು ದೂರವಿರಲಿಲ್ಲ. ಊರೆಲ್ಲ ಸುತ್ತುವ ಕಾಲಿಗೆ ಆ ಎರಡು ಮಾರು ದಾಟಲು ಆಗಲಿಲ್ಲ. ಮೂರನೇ ದಿನ ಆಪಾ ಹೋದಳು. ಹೇಳಿದ್ದರೂ ಆಗ ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಎಷ್ಟು ಸಲ ಎಂದು ಲೆಕ್ಕವಿಲ್ಲ. ಆದರೆ ಆ ನಾಲ್ಕು ತಿಂಗಳು…

ವರ್ಷಗಳು ಹೋದವು. ಹುಡುಗಿ ನರ್ಸಾದಳು. ನನಗೆ ಮೊಮ್ಮಗಳು ಹುಟ್ಟಿದಳು. ಕೂಸಿನ ಕಾಲು ಆಪಾಳ ಮಗಳ ಕೈಗೆ ಸಿಕ್ಕಿತು. ಅವಳು ಚಾಪೆಯ ಮೇಲೆ ಕೂತು ಒಂದು, ಎರಡು ಎಂದು ಎಣಿಸುವಾಗ ನಾನು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದೆ.

ಕೂಸು ನಡೆದ ದಿನ ಓಣಿಗೆಲ್ಲ ಸಕ್ಕರೆ ಹಂಚಿದೆ. ಹುಚ್ಚಿಯ ಹಾಗೆ ಕುಣಿದೆ, ಸೊಸೆ ನಾಚಿ ಒಳಗೆ ಹೋದಳು. ಸಂಜೆ ಆಪಾಳ ಮಗಳು ಬಂದಾಗ ಅವಳ ಅಂಗೈಗೂ ಸಕ್ಕರೆ ಹಾಕಿದೆ. ಕೂಸು ಅವಳ ಕಡೆಗೆ ತಾನಾಗಿ ನಡೆದು ಹೋಯಿತು. ಅವಳು ಅದನ್ನು ತಬ್ಬಿಕೊಂಡು ಅಳಲು ಶುರುಮಾಡಿದಳು.

"ನಮ್ಮ ಅಮ್ಮಿ ನಡೆದು ನಡೆದೇ ಸತ್ತಳು, ಚಿಕ್ಕವ್ವಾ. ನಾ ಹಾಸ್ಟೆಲ್ನಾಗ ಇದ್ದಾಗ ಯಾರ್ಯಾರ ಮನಿ ಪಾತ್ರಿ ತಿಕ್ಕಾಕ ಹೋಗತಿದ್ಲೋ ಏನೋ. ನಾ ಬಂದ ಐತವಾರ ಒಂದಿನ ಕುಂದರತಿದ್ಲು. ಕಾಗದದಾಗ ಎಲ್ಲಾ ಐತಲ್ಲ. ನನ್ನ ಓದೇ ಅಕಿನ್ನ ತಿಂದುಬಿಡ್ತು."

ಇಷ್ಟು ವರ್ಷ ಅವಳು ಹಾಗೆ ತಿಳಿದಿದ್ದಳು! ನನ್ನ ಆರು ಉದ್ದ ಗೆರೆಗಳನ್ನು ಎದೆಯ ಮೇಲೆ ಹೊತ್ತುಕೊಂಡು, ತಾಯಿಯನ್ನು ಕೊಂದವಳು ತಾನೇ ಎಂದು ನಂಬಿಕೊಂಡು, ನನ್ನ ಮೊಮ್ಮಗಳ ಕಾಲು ನೀವುತ್ತಿದ್ದಳು. ಮುಚ್ಚಿಟ್ಟದ್ದು ಸತ್ತವಳ ಜೊತೆಗೇ ಮಣ್ಣಾಯಿತು ಎಂದು ನಾನು ಅಂದುಕೊಂಡಿದ್ದೆ. ಅದು ಬದುಕಿದ್ದವಳನ್ನು ತಿನ್ನುತ್ತಿತ್ತು.

ಹೇಳಿದೆ. ನಿಂತಲ್ಲೇ ಹೇಳಿದೆ, ದಾರ ಸುತ್ತಿದ್ದನ್ನೂ ಬಿಡದೆ ಎಲ್ಲ ಹೇಳಿದೆ. ಅವಳು ಕೂಸನ್ನು ಮೆಲ್ಲಗೆ ಕೆಳಗಿಳಿಸಿದಳು. ಅಂಗೈಯ ಸಕ್ಕರೆಯನ್ನು ತಟ್ಟೆಗೆ ಉದುರಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ನನ್ನ ಮುಖ ನೋಡಲಿಲ್ಲ.

ಮಾರನೆಯ ಸಂಜೆ ಬರಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ನಾನೇ ಚಾಪೆ ಹಾಸಿ ಕೂಸಿನ ಮಂಡಿ ಮಡಚಿದರೆ ಅದು ಕಿರುಚಿ ಒದೆಯುತ್ತಿತ್ತು. ಮನೆಯ ಮುಂದೆ ತಪ್ಪುಹೆಜ್ಜೆ ಇಡುವ ಮೊಮ್ಮಗಳು, ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ, ಅದರ ಕೆಳಗೇ ಈ ಬೆಂಕಿ. ಅವಳ ಮನೆಯ ತನಕ ಹೋಗಿ ಎರಡು ಸಲ ವಾಪಸ್ ಬಂದೆ. ಆಪಾ ಇದ್ದಿದ್ದರೆ ಇಬ್ಬರಿಗೂ ಬೈದು ಕೂರಿಸುತ್ತಿದ್ದಳು. ಆಪಾ ಇಲ್ಲ. ಇಲ್ಲದ ಹಾಗೆ ಮಾಡಿದ್ದರಲ್ಲಿ ನನ್ನದೂ ಕೈ ಇದೆ.

ಐದನೇ ಸಂಜೆ ಅವಳು ಬಂದಳು. ಯೂನಿಫಾರ್ಮಿನಲ್ಲೇ ಇದ್ದಳು, ಕಣ್ಣು ಬಾತಿತ್ತು. ನನ್ನನ್ನು ಮಾತಾಡಿಸದೆ ಚಾಪೆ ಹಾಸಿ, ಕೂಸನ್ನು ಮಲಗಿಸಿ, ಎಡಗಾಲು ಹಿಡಿದು ಮಡಚಿದಳು. ಕೂಸು ಅಳಲಿಲ್ಲ. ನಾನು ಅಡುಗೆಮನೆಗೆ ಹೋಗಲಿಲ್ಲ, ಅಲ್ಲೇ ನಿಂತೆ. ಅವಳು ಬಲಗಾಲು ಹಿಡಿದು, ತಲೆ ಎತ್ತದೆ ಕೇಳಿದಳು:

"ನಮ್ಮ ಅಮ್ಮಿ ದಿನಕ್ಕ ಎಷ್ಟು ನಡೀತಿದ್ಲು? ಖರೇ ಹೇಳು."

"ಬಾಗಲದಿಂದ ಬಚ್ಚಲಕ್ಕ," ಎಂದೆ. "ಬಚ್ಚಲದಿಂದ ಬಾಗಲಕ್ಕ. ನಡುವ ಎರಡು ಸಲ ಗ್ವಾಡಿ ಹಿಡೀತಿದ್ಲು."

ಅವಳ ಕೈ ನಿಂತಿತು. ಕೂಸಿನ ಪಾದವನ್ನು ಬಿಡದೆ, ಹಾಗೇ ಹಿಡಿದುಕೊಂಡು ಕೂತಳು.