ಬದು ಹಾಕಿದ ಫುಟ್‌ಬಾಲ್ ಮೈದಾನ

ಮನುಷ್ಯನ ಏಳುಬೀಳುಗಳಿಗೆಲ್ಲ ಅವನು ನಿಂತ ನೆಲವೇ ಕಾರಣವೆಂದು ತಿಳಿದವರು ಹೇಳುತ್ತಾರೆ. ಕಿರಂಗೂರಿನ ನಮ್ಮ ಕ್ಲಬ್ಬಿನ ಹಳ್ಳದಿಣ್ಣೆಯ ಮೈದಾನದಲ್ಲಿ ಬರೀ ಬೀಳುವುದಷ್ಟೇ ಇತ್ತು. "ಇದನ್ನ ಸರಿಮಾಡ್ದಿದ್ರೆ ಫೈನಲ್ಲು ನಮ್ಮೂರಲ್ಲೇ," ಎಂದು ಆ ಸಲದ ಟೂರ್ನಿಯ ಫೈನಲ್ಲಿನಲ್ಲಿ ನಮ್ಮೆದುರು ಆಡಬೇಕಿದ್ದ ಕೆ.ಆರ್. ಪೇಟೆ ತಂಡದವರು ಕಡ್ಡಿ ಮುರಿದಂತೆ ಹೇಳಿ ಹೋದರು.

ಬೇಸಾಯಗಾರರಾದ ನಮಗೆ ನೆಲ ಮಟ್ಟಮಾಡುವ ವಿದ್ಯೆ ಗೊತ್ತಿದ್ದದ್ದು ಒಂದೇ. ಟ್ರಾಕ್ಟರಿನಲ್ಲಿ ಉತ್ತು, ನಾಲೆಯ ನೀರು ಕಟ್ಟಿ, ಹಲಗೆ ಎಳೆದು, ಗರಿಕೆ ನೆಟ್ಟು, ಅಭ್ಯಾಸಬಲದಿಂದ ಸುತ್ತ ಬದುವನ್ನೂ ಹಾಕಿದೆವು. ಗರಿಕೆ ಚೆನ್ನಾಗಿಯೇ ಹಬ್ಬಿತು. ಫೈನಲ್ಲಿಗೆ ವಾರವಿದ್ದಾಗ ಮಳೆ ಹೊಯ್ದು ಪಾದ ಮುಳುಗುವಷ್ಟು ನೀರು ನಿಂತಿತು.

ಡೈರಿಗೆ ಹಾಲು ಹಾಕಲು ಹೊರಟಿದ್ದ ನಮ್ಮ ಗೋಲ್‌ಕೀಪರನ ತಾಯಿ ನಿಂತು ನೋಡಿದರು. "ಲೇ, ಚೆಂಡಾಡಕ್ಕೆ ಮಾಡಿದ್ದೀರೋ, ಬತ್ತ ಬೆಳೆಯಕ್ಕೋ? ಬದು ಒಡೆದುಬುಡ್ರಲಾ!"

ಬದು ಒಡೆಯುವುದೆಂದರೆ ನಮ್ಮ ಕಡೆ ಜಗಳಕ್ಕೆ ಕರೆದಂತೆ. ಯಾರಿಗೂ ಕೈ ಬರಲಿಲ್ಲ. ಕೊನೆಗೆ ಕ್ಯಾಪ್ಟನ್ ಆಗಿದ್ದ ತಪ್ಪಿಗೆ ನಾನೇ ಗುದ್ದಲಿ ಹಿಡಿದೆ. ನೀರು ಹರಿದುಹೋಯಿತು, ಗರಿಕೆ ತಲೆಯೆತ್ತಿತು.

ಫೈನಲ್ಲಿನ ದಿನ ಕೆ.ಆರ್. ಪೇಟೆಯ ಕ್ಯಾಪ್ಟನ್ ಬೂಟು ಬಿಚ್ಚಿ, ಬರಿಗಾಲಲ್ಲಿ ಮೈದಾನವನ್ನೆಲ್ಲ ತುಳಿದು ನೋಡಿದ. "ನಮ್ಮೂರ್ದೂ ಇಂಗಿಲ್ಲ ಕಣ್ಲಾ," ಅಂದ.

ಪಂದ್ಯ ಕಿರಂಗೂರಿನಲ್ಲೇ ನಡೆಯಿತು. ನಾವು ಎರಡು ಗೋಲು ಹೊಡೆದೆವು, ಅವರು ಒಂದು.